ವ್ಯೂ ಬೇಕಾದ್ರೆ ರಾಜಾಸೀಟಿಗೆ ಹೋಗಬೇಕಂತೆ

"ವ್ಯೂ ಬೇಕಾದ್ರೆ ಟಿಕೆಟ್ ತಗೊಂಡು ರಾಜಾಸೀಟಿಗೆ ಹೋಗಿ ಅಮ್ಮ."

ರಾಜಾಸೀಟು ಅಂದ್ರೆ ನಮ್ಮ ಮಡಿಕೇರಿಯಲ್ಲಿ ಬೆಟ್ಟಸಾಲು ನೋಡ್ಲಿಕ್ಕೆ ಜನ ಹೋಗುವ ಪಾರ್ಕು. ಹೇಳಿದವನಿಗೆ ನನ್ನ ಮಗನ ಪ್ರಾಯ. ಹೇಳಿದ್ದು ಆಫೀಸು ತುಂಬ ಜನ ಇರುವಾಗ. ಆಗ ಬೆಳಿಗ್ಗೆ ಹನ್ನೊಂದೂಕಾಲು, ಈಗ ರಾತ್ರಿ ಹತ್ತು ಕಳೆದಿದೆ. ಊಟ ಸೇರಲಿಲ್ಲ. ಇವರು "ಬಿಟ್ಬಿಡು, ದುಡ್ಡಿದ್ದವರ ಎದುರು ನಮ್ಮದೆಂತ ನಡೀತದೆ" ಅಂತ ಹೇಳಿ ಮಲಗಿಯೂ ಆಯ್ತು. ನನಗೆ ಬಿಡ್ಲಿಕ್ಕೆ ಆಗ್ತಾ ಇಲ್ಲ.

ನಾನು ವ್ಯೂ ಕೇಳ್ಲಿಕ್ಕೆ ಹೋದದ್ದಲ್ಲ. ನಮ್ಮ ಅಂಗಳದ ಕೆಳಗೆ ಗುಡ್ಡ ಕಡಿದು ಆದ ಮಣ್ಣಿನ ಗೋಡೆ, ಅದಕ್ಕೇ ಬರೆ ಅನ್ನುವುದು, ಅದರ ವಿಷಯ ಕೇಳ್ಲಿಕ್ಕೆ ಹೋದದ್ದು. ಒಂದು ಕೈಯಲ್ಲಿ ಮೊನ್ನೆ ನಮ್ಮ ಗೇಟಿಗೆ ಅಂಟಿಸಿ ಹೋದ ನೋಟಿಸು, ಇನ್ನೊಂದು ಕೈಯಲ್ಲಿ ಮೊಬೈಲು, ಅದರಲ್ಲಿ ಫೋಟೊ. ನಿಮ್ಮ ಮನೆ ಅಪಾಯದ ಜಾಗದಲ್ಲಿದೆ, ಮಳೆ ಜಾಸ್ತಿಯಾದರೆ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು, ತಪ್ಪಿದಲ್ಲಿ ಮುಂದಾಗುವ ಅನಾಹುತಕ್ಕೆ ನೀವೇ ಹೊಣೆ ಅಂತ ಬರೆದಿದ್ದಾರೆ. ನೀವೇ ಹೊಣೆ! 1962ರಲ್ಲಿ ನಮ್ಮ ಮಾವ ಕಟ್ಟಿಸಿದ ಮನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದಲ್ಲಿ ಗುಡ್ಡಕ್ಕೆ ಗುಡ್ಡವೇ ಜಾರಿ ಬಂದಾಗ, ಇದೇ ಊರಲ್ಲಿ ಇಂದಿರಾನಗರ, ಚಾಮುಂಡೇಶ್ವರಿ ನಗರದ ಮನೆಗಳು ಕುಸಿದಾಗ ನಮ್ಮ ಅಂಗಳದ ಒಂದು ಕಲ್ಲು ಅಲ್ಲಾಡಲಿಲ್ಲ. ಈಗ ಅಪಾಯದ ಜಾಗ ಆಯ್ತು. ಯಾರಿಂದ ಆಯ್ತು?

ಕೆಳಗಿನ ಸೈಟಿಗೆ ಜನವರಿಯಲ್ಲಿ ಹಿಟಾಚಿ ಬಂತು. ಹಗಲಿಡೀ ಕಡಿಯುವುದು, ರಾತ್ರಿ ಟಿಪ್ಪರಲ್ಲಿ ಮಣ್ಣು ಸಾಗಿಸುವುದು. ಹನ್ನೊಂದು ದಿನದಲ್ಲಿ ಗುಡ್ಡದ ಬುಡ ಹೋಯ್ತು. ಮಾವ ಗುದ್ದಲಿ ಹಿಡಿದು ಜಾಗ ಮಾಡಿದ ಕಾಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದರು, ಪ್ರತಿ ಮೆಟ್ಟಿಲಿಗೂ ಕಲ್ಲು ಕಟ್ಟಿಸಿ, ನೀರು ಹೋಗ್ಲಿಕ್ಕೆ ಕಣಿ ಬಿಟ್ಟಿದ್ದರು. ಈ ಸೈಟಿನವರು ಕೇಕು ಕೊಯ್ದ ಹಾಗೆ ನೆಟ್ಟಗೆ ಕಡಿದರು, ಇಪ್ಪತ್ತೈದು ಅಡಿ. ನಮ್ಮ ಅಂಗಳದ ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ಕೆಂಪು ಮಣ್ಣು, ಅದರಲ್ಲಿ ನೇತಾಡುವ ಬೇರು, ಬೇರಿನ ತುದಿಯಿಂದ ತೊಟ್ಟಿಕ್ಕುವ ನೀರು. ವರ್ಷಕ್ಕೆ ನೂರು ಇಂಚು ದಾಟಿ ಮಳೆ ಹೊಯ್ಯುವ ಊರಿದು. ನೀರು ಕುಡಿದ ಮಣ್ಣು ಭಾರ ಆಗ್ತದೆ, ಬುಡದಲ್ಲಿ ಆಧಾರ ಇಲ್ಲದಿದ್ದರೆ ಜಾರ್ತದೆ. ಇದಕ್ಕೆ ಇಂಜಿನಿಯರ್ ಓದು ಬೇಕಾ? 2018ರ ಮೇಲೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ ಹೋಗಿ, ಮನೆ, ರಸ್ತೆ ಅಂತ ಇಳಿಜಾರನ್ನು ಕಡಿದು ಹಾಕಿದ್ದೂ ಕಾರಣ ಅಂತ ಹೇಳಿದ್ದರಲ್ಲ. ಅದನ್ನು ಓದಿದವರು ಆ ಆಫೀಸಲ್ಲಿ ಒಬ್ಬರೂ ಇಲ್ವಾ?

ತಡೆಗೋಡೆ ಕಟ್ತೇವೆ ಅಂದಿದ್ದರು. ಕಟ್ಟಿದ್ದು ಐದು ಮಾಳಿಗೆ. ತಡೆಗೋಡೆಯ ಜಾಗದಲ್ಲಿ ಒಂದು ನೀಲಿ ಟಾರ್ಪಲ್, ಅದರ ಮೇಲೆ ಹತ್ತಿಪ್ಪತ್ತು ಮರಳಿನ ಮೂಟೆ. ಗಾಳಿ ಬಂದಾಗೆಲ್ಲ ಆ ಟಾರ್ಪಲ್ ಪಟಪಟ ಬಡಿದುಕೊಳ್ತದೆ. ಪ್ರತಿ ಸಲವೂ ನಮಗೆ ಎಚ್ಚರ.

ಆಫೀಸಿನ ಕತೆ ಹೇಳ್ತೇನೆ. ಒಳಗೆ ಹೋದೆ, ಟೇಬಲಿನ ಎದುರು ಎರಡು ಕುರ್ಚಿ. ಒಂದರಲ್ಲಿ ಆ ಕಟ್ಟಡದ ಸೂಪರ್‌ವೈಸರ್ ಕೂತಿದ್ದ, ಕಾಲ ಮೇಲೆ ಕಾಲು ಹಾಕಿ. ಇನ್ನೊಂದರ ಮೇಲೆ ಅವನ ಹೆಲ್ಮೆಟ್ಟು. ನಾನು ನಿಂತೇ ಇದ್ದೆ. ಅವನು ಹೆಲ್ಮೆಟ್ ತೆಗೀಲಿಲ್ಲ, ಟೇಬಲಿನ ಆಚೆ ಇದ್ದವನು ತೆಗೀಲಿಕ್ಕೆ ಹೇಳಲೂ ಇಲ್ಲ. ಅವರಿಬ್ಬರ ಮುಂದೆ ಕಾಪಿ ಲೋಟ. ನಾನು ಫೋಟೊ ತೆಗೆದು ಹಿಡಿದುಕೊಂಡು ಕಾದೆ. ಮೊಬೈಲ್ ಸ್ಕ್ರೀನ್ ಆಫ್ ಆಯ್ತು. ಒತ್ತಿದೆ. ಮತ್ತೆ ಆಫ್ ಆಯ್ತು. ಮತ್ತೆ ಒತ್ತಿದೆ. ನಾಲ್ಕನೇ ಸಲವೋ ಐದನೇ ಸಲವೋ ಟೇಬಲಿನ ಆಚೆಯವನು ಕೈ ಚಾಚಿದ. ನನ್ನ ಬೆರಳು ಒದ್ದೆ ಇತ್ತು, ಕೊಡೆಯ ನೀರು, ಸ್ಕ್ರೀನ್ ಜಾರಿ ಮೊಮ್ಮಗಳ ಹುಟ್ಟುಹಬ್ಬದ ಫೋಟೊ ಬಂತು. ಸೂಪರ್‌ವೈಸರ್ ಬಗ್ಗಿ ನೋಡಿ ನಕ್ಕ. ನಾನು ಗಡಿಬಿಡಿಯಲ್ಲಿ ಹಿಂದೆ ಮಾಡಿ ಬರೆಯ ಫೋಟೊ ಹುಡುಕಿ ಕೊಟ್ಟೆ. ಆತ ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ "ಎಂತ ಉಂಟು ಇದ್ರಲ್ಲಿ? ಮಣ್ಣು" ಅಂದ.

ಅಂಗಳ ಬಿರುಕು ಬಿಟ್ಟಿದೆ ಸರ್ ಅಂದೆ. ಸರ್ ಅಂದೆ ನಾನು. ಅವನಿಗೆ. ಜೂನ್ ಮೊದಲ ವಾರ ಆ ಬಿರುಕಿಗೆ ಹತ್ತು ರೂಪಾಯಿ ನಾಣ್ಯ ಅಡ್ಡವಾಗಿ ತೂರಿಸಿದರೆ ಹೋಗ್ತಿರಲಿಲ್ಲ, ಈಗ ಹೋಗ್ತದೆ, ಒಳಗೆ ಬಿದ್ದು ಸಿಕ್ಕಲೂ ಇಲ್ಲ ಅಂತ ವಿವರಿಸಿದೆ. ಮಾತಿನ ಮಧ್ಯೆ, ನಾನೇ ಮಾಡಿಕೊಂಡ ತಪ್ಪು, "ಬೆಳಿಗ್ಗೆ ಬಿಸಿಲೂ ಬರುವುದಿಲ್ಲ, ಗದ್ದಿಗೆಯೂ ಕಾಣ್ತಾ ಇಲ್ಲ" ಅಂದುಬಿಟ್ಟೆ. ಗದ್ದಿಗೆ ಅಂದ್ರೆ ಕೊಡಗಿನ ರಾಜರ ಸಮಾಧಿ. ಅಷ್ಟೇ ಸಾಕಾಯ್ತು. ಬರೆ, ಬಿರುಕು, ನೋಟಿಸು ಎಲ್ಲ ಬಿಟ್ಟು ಅದೊಂದನ್ನು ಹಿಡಿದುಕೊಂಡ. ವ್ಯೂ ಬೇಕಾದ್ರೆ ಟಿಕೆಟ್ ತಗೊಂಡು ರಾಜಾಸೀಟಿಗೆ ಹೋಗಿ ಅಮ್ಮ. ಸೂಪರ್‌ವೈಸರ್ ತೊಡೆ ತಟ್ಟಿಕೊಂಡು ನಕ್ಕ. ಹಿಂದೆ ಖಾತೆ ಕೆಲಸಕ್ಕೆ ಬಂದು ನಿಂತವರೂ ನಕ್ಕರು. ಅವರಲ್ಲಿ ಒಬ್ಬರು ನಮ್ಮ ಬೀದಿಯವರೇ. ನನ್ನ ಕಣ್ಣು ತಪ್ಪಿಸಿದರು. ನಾನು ಮೊಬೈಲ್ ತಗೊಂಡು, ಯಾಕೋ ಗೊತ್ತಿಲ್ಲ, "ಥ್ಯಾಂಕ್ಸ್" ಅಂತ ಹೇಳಿ ಹೊರಗೆ ಬಂದೆ. ಥ್ಯಾಂಕ್ಸ್ ಯಾಕೆ ಹೇಳಿದೆ? ದಾರಿಯಿಡೀ ಅದೇ ಯೋಚನೆ. ಜನರಲ್ ತಿಮ್ಮಯ್ಯ ಸರ್ಕಲ್ ದಾಟುವಾಗ ಕೊಡೆ ಬಿಡಿಸಿರಲಿಲ್ಲ ಅಂತ ನೆನಪಾಯ್ತು, ಪೂರ್ತಿ ಒದ್ದೆ ಆಗಿದ್ದೆ.

ಹೌದು, ಗದ್ದಿಗೆ ಕಾಣ್ತಾ ಇಲ್ಲ. ಅದನ್ನೂ ಹೇಳ್ತೇನೆ, ಹೇಳಿದ್ದು ತಪ್ಪಲ್ಲ. ಅಡುಗೆಮನೆ ಕಿಟಕಿಯಿಂದ ಗದ್ದಿಗೆಯ ಗುಮ್ಮಟ ಕಾಣ್ತಿತ್ತು. ದೊಡ್ಡವೀರರಾಜೇಂದ್ರ, ಮಹದೇವಮ್ಮಾಜಿಯವರ ಸಮಾಧಿಯ ಗುಮ್ಮಟ, ಮಂಜು ಸರಿದರೆ ಮೊದಲು ಅದು, ಆಮೇಲೆ ಹಿಂದಿನ ಬೆಟ್ಟ. ಅತ್ತೆಗೆ ಎಂಬತ್ತನಾಲ್ಕು. ಅವರಿಗೆ ಅದೇ ಗಡಿಯಾರ. ಗದ್ದಿಗೆ ಬಿಳಿಯಾಗಿ ಕಂಡರೆ ಮಳೆ ಬಿಟ್ಟಿತು, ಬಟ್ಟೆ ಹೊರಗೆ ಹಾಕು ಅಂತಿದ್ದರು. ಈಗ ಕಿಟಕಿ ತೆಗೆದರೆ ಹತ್ತಡಿ ದೂರದಲ್ಲಿ ಪೇಂಟಿಲ್ಲದ ಸಿಮೆಂಟು ಗೋಡೆ, ಅದರಲ್ಲಿ ಸಾಲಾಗಿ ಬಾತ್‌ರೂಮಿನ ವೆಂಟಿಲೇಟರು, ಮೇಲಿಂದ ಕೆಳಗಿನವರೆಗೆ ಪೈಪು. ಬಿಸಿಲು ಹತ್ತೂವರೆಗೆ ಬಂದರೆ ಬಂತು. ಗೋಡೆಗೆ ಪಾಚಿ, ಕಪಾಟಿನ ಸೀರೆಗೆ ಬೂಷ್ಟು. ಇನ್ನೂ ಜೋರು ಮಳೆಯ ಕಕ್ಕಡ ತಿಂಗಳು ಬೇರೆ ಬರ್ಲಿಕ್ಕುಂಟು. ಅತ್ತೆ ದಿನಾ ಕೇಳ್ತಾರೆ, "ಗದ್ದಿಗೆ ಕಾಣ್ತದಾ?" ಮಂಜು ಅತ್ತೆ, ಮಂಜು ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ.

ಕಟ್ಟಬೇಡಿ ಅಂತ ನಾನು ಹೇಳುವುದಿಲ್ಲ. ಊರು ಬೆಳೀತದೆ. ನನ್ನ ಮಗನೇ ಬೆಂಗಳೂರಲ್ಲಿ ಹದಿನಾಲ್ಕನೇ ಮಾಳಿಗೆಯಲ್ಲಿ ಇದ್ದಾನೆ. ವಾರದ ಕೊನೆಗೆ ಬರುವ ಕಾರಿನ ಸಾಲಿಂದ ಇಲ್ಲಿ ಎಷ್ಟೋ ಮನೆಯ ಒಲೆ ಉರೀತದೆ, ಗೊತ್ತುಂಟು. ಪಶ್ಚಿಮಘಟ್ಟ ಉಳಿಸ್ಲಿಕ್ಕೆ ಅಂತ ಬಂದ ಕಸ್ತೂರಿರಂಗನ್ ವರದಿ ಬೇಡ ಅಂತ ಜಿಲ್ಲೆಯಲ್ಲಿ ಗಲಾಟೆ ಆದಾಗ ನಾನೂ ಬೇಡ ಅಂದವಳೇ, ತೋಟಕ್ಕೆ ತೊಂದರೆ ಆಗ್ತದೆ ಅಂತ ಹೆದರಿದ್ದೆ. ಆದರೆ ಇದು ಬಯಲುಸೀಮೆಯ ಊರಲ್ಲ ಮಾರಾಯ್ರೆ. ಇಲ್ಲಿ ಒಬ್ಬರ ಅಂಗಳ ಇನ್ನೊಬ್ಬರ ಮಾಡಿನ ಮಟ್ಟಕ್ಕೆ ಇರ್ತದೆ. ಕೆಳಗಿನವನು ಬುಡ ಕಡಿದರೆ ಮೇಲಿನವನು ಹೋಗ್ತಾನೆ, ಮೇಲಿನವನು ಹೋದರೆ ಕೆಳಗಿನವನ ಮೇಲೇ ಬೀಳ್ತಾನೆ. ಮೈಸೂರಲ್ಲಿ ಕಟ್ಟಿದ ಹಾಗೆ ಇಲ್ಲಿ ಐದು ಮಾಳಿಗೆ ಎಬ್ಬಿಸಿದರೆ ಆಗ್ತದಾ? ಇಲ್ಲ, ಕಟ್ಟಲೇಬಾರದು. ಇಳಿಜಾರಲ್ಲಿ ಇನ್ನು ಒಂದು ಇಟ್ಟಿಗೆಯೂ ಬೇಡ. ಸಾಕು.

ಮಳೆ ಜೋರಾದರೆ ಭಾರೀ ವಾಹನಕ್ಕೆ ನಿರ್ಬಂಧ ಹಾಕ್ತಾರೆ, ಶಾಲೆಗೆ ರಜೆ ಕೊಡ್ತಾರೆ, ನಮ್ಮಂಥವರ ಗೇಟಿಗೆ ನೋಟಿಸು ಅಂಟಿಸ್ತಾರೆ. ಬರೆ ಕಡಿದವನ ಗೇಟಿಗೆ ಯಾಕೆ ಅಂಟಿಸುವುದಿಲ್ಲ? ಯಾರಾದರೂ ಉತ್ತರ ಕೊಡಿ. ಅವನಿಗೆ ಪರ್ಮಿಷನ್ ಕೊಟ್ಟ ಕಾಗದವನ್ನೂ ನಾನು ನೋಡಿದೆ, ಸೂಪರ್‌ವೈಸರನ ಫೈಲಲ್ಲಿ ಮೇಲೇ ಇತ್ತು. ನಮ್ಮ ನೋಟಿಸಿನಲ್ಲಿರುವ ಸೀಲೇ ಅದರಲ್ಲೂ ಇತ್ತು. ಅದೇ ನೇರಳೆ ಬಣ್ಣ, ಅದೇ ದುಂಡು. ಅವನಿಗೆ ಕಡಿ ಅಂತ ಹೇಳಿದವರೇ ನಮಗೆ ಹೊರಡಿ ಅಂತ ಹೇಳ್ತಿದ್ದಾರೆ. ಎಲ್ಲಿಗೆ ಹೊರಡುವುದು? ಎಂಬತ್ತನಾಲ್ಕರ ಅತ್ತೆಯನ್ನು ಎತ್ತಿಕೊಂಡು ಮತ್ತೆ ಗಂಜಿ ಕೇಂದ್ರಕ್ಕಾ? 2018ರಲ್ಲಿ ಹೆದರಿ ಹನ್ನೆರಡು ದಿನ ಚಾಪೆಯಲ್ಲಿ ಮಲಗಿದ್ದೇವೆ. ಆಗ ಮಳೆಯನ್ನು ಬೈದೆವು. ಈ ಸಲ ಯಾರನ್ನು ಬೈಯಬೇಕು, ಹೇಳಿ.

ಇವರು ಹೇಳುವುದೂ ಸರಿ ಇರಬಹುದು. ಕಟ್ಟಿ ಆಯ್ತು, ಇನ್ನು ಒಡೆಯುವವರು ಯಾರು. ಮನೆ ಮಾರಿ ಕುಶಾಲನಗರದ ಕಡೆ ಸಣ್ಣದೊಂದು ನೋಡುವ ಅಂತಾರೆ, ಅಲ್ಲಿ ನೆಲ ಸಮ ಉಂಟು. ಮಾರುವುದು ಯಾರಿಗೆ? ಮಾರಿದರೆ ನಮ್ಮ ಜಾಗಕ್ಕೂ ಹಿಟಾಚಿ ಬರ್ತದೆ, ಆಮೇಲೆ ನಮ್ಮ ಮೇಲಿನ ಮನೆಯವರ ಅಂಗಳ ಬಿರುಕು ಬಿಡ್ತದೆ. ಇನ್ನು ಆ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ ಅಂತ ಸಂಜೆ ದೇವರ ಎದುರು ಹೇಳಿಕೊಂಡೆ. ಈಗ ಬರೀತಾ ಬರೀತಾ ಮನಸ್ಸು ಬದಲಾಯ್ತು.

ಸೋಮವಾರ ಹೋಗ್ತೇನೆ. ಈ ಸಲ ಫೋಟೊಗಳನ್ನು ಪ್ರಿಂಟ್ ಹಾಕಿಸಿಕೊಂಡು, ಅರ್ಜಿ ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬರ್ತೇನೆ. ಹೆಲ್ಮೆಟ್ಟನ್ನು ನಾನೇ ತೆಗೆದು ನೆಲಕ್ಕಿಟ್ಟು ಕೂರ್ತೇನೆ. ಮಡಿಕೇರಿಯಲ್ಲಿ ಇಂಥದ್ದು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ, ತಡೆಗೋಡೆ ಕಟ್ಟಿಸಿ ಅಂತ ಯಾರ ಹೆಸರಿಗೆ ಅರ್ಜಿ ಬರೆಯಬೇಕು? ಜಿಲ್ಲಾಧಿಕಾರಿಗಳಿಗೆ ನೇರ ಕೊಡಬಹುದಾ? ಮಳೆ ಮತ್ತೆ ಶುರುವಾಯ್ತು, ಕರೆಂಟು ಯಾವಾಗ ಹೋಗ್ತದೋ ಗೊತ್ತಿಲ್ಲ. ಬೇಗ ಹೇಳಿ.