ಕುಮ್ಕಿ ತೋಟದ ಮೇಲೆ 400 ಕೆ.ವಿ.

ಉಡುಪಿ–ಕಾಸರಗೋಡು 400 ಕೆ.ವಿ. ವಿದ್ಯುತ್ ಪ್ರಸರಣ ಲೈನಿಗೆ ಉಡುಪಿ ಜಿಲ್ಲೆಯ ಇನ್ನಾದಲ್ಲೋ ದಕ್ಷಿಣ ಕನ್ನಡದ ವಿಟ್ಲದಲ್ಲೋ ವಿರೋಧ ಎದ್ದರೆ ಅದನ್ನು ಅಭಿವೃದ್ಧಿಗೆ ಅಡ್ಡಗಾಲು ಎನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಇಂಥ ಲೈನಿನ ಕಾರಿಡಾರ್, ಅಂದರೆ ತಂತಿಯಡಿಯ ಜಾಗದ ಪಟ್ಟಿ, 46 ಮೀಟರ್ ಅಗಲ. ತೋಟದೊಳಗೆ ನೂರು ಮೀಟರ್ ಹಾದುಹೋದರೂ ಸುಮಾರು 114 ಸೆಂಟ್ಸ್ ಜಾಗ ಅದರಡಿಗೆ ಬರುತ್ತದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆಯಾದರೆ 600ಕ್ಕೂ ಹೆಚ್ಚು ಮರ. ಗದ್ದೆಯ ಮೇಲೆ ತಂತಿ ಹೋದರೆ ಬೇಸಾಯ ಹೇಗೋ ನಡೆಯುತ್ತದೆ. ಅಡಿಕೆ, ತೆಂಗು ತಂತಿಯೆತ್ತರಕ್ಕೆ ಬೆಳೆಯುವುದರಿಂದ ಕಡಿಯಲೇಬೇಕು, ಮತ್ತೆ ನೆಡುವಂತೆಯೂ ಇಲ್ಲ. ಆದರೂ ಕಾನೂನಿನ ಕಣ್ಣಲ್ಲಿ ಇದು ಭೂಸ್ವಾಧೀನವಲ್ಲ, ಬರೀ ಬಳಕೆಯ ಹಕ್ಕು!

ಆ ಕಾನೂನು 1885ರ ಟೆಲಿಗ್ರಾಫ್ ಕಾಯ್ದೆ. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಅದರ ಅಧಿಕಾರವನ್ನು ಲೈನ್ ಎಳೆಯುವವರಿಗೆ ಕೊಡಿಸುತ್ತದೆ. ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಾಗಲೂ ಈ ಅಧಿಕಾರ ಕೊಡುವ ಭಾಗವನ್ನು ವಿದ್ಯುತ್ ಲೈನಿಗೆಂದೇ ಉಳಿಸಿಕೊಳ್ಳಲಾಯಿತು. ಮಾಲೀಕರ ಒಪ್ಪಿಗೆ ಬೇಡ. ತಡೆದರೆ ಜಿಲ್ಲಾಧಿಕಾರಿಯ ಆದೇಶ, ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಲಯ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪ್ರಸರಣ ಲೈನುಗಳೇ ಇಲ್ಲವಾದ್ದರಿಂದ ಅದರಡಿಯ ಅಹವಾಲು ಸಭೆಯೂ ಇಲ್ಲ.

ನಾನಿರುವ ಇಂಗ್ಲೆಂಡಿನಲ್ಲೂ ಒತ್ತಾಯದಿಂದ ಜಾಗ ಪಡೆಯುವ ಅಧಿಕಾರವಿದೆ. ವ್ಯತ್ಯಾಸವಿರುವುದು ಮಾತಾಡುವ ಹೊತ್ತಿನಲ್ಲಿ. 2008ರ ಪ್ಲಾನಿಂಗ್ ಕಾಯ್ದೆಯ ಪ್ರಕಾರ ಜಾಗದ ಹಕ್ಕು ಕೇಳುವ ಅರ್ಜಿಯ ಜೊತೆಗೇ ‘ಬುಕ್ ಆಫ್ ರೆಫರೆನ್ಸ್’ ಎಂಬ ಪಟ್ಟಿ ಕೊಡಬೇಕು. ಪ್ರತಿ ತುಂಡು ಜಾಗದ ಮಾಲೀಕರು, ಗೇಣಿದಾರರು, ಅನುಭವದಲ್ಲಿರುವವರು ಎಲ್ಲರೂ ಅದರಲ್ಲಿ ಬರುತ್ತಾರೆ. ಪರಿಶೀಲನೆಗೆ ಹೆಚ್ಚೆಂದರೆ ಆರು ತಿಂಗಳು. ಆಕ್ಷೇಪ, ಅಧಿಕಾರಿಯ ಪ್ರಶ್ನೆ, ಅದಕ್ಕೆ ಕಂಪನಿಯ ಉತ್ತರ ಎಲ್ಲವೂ ಬರಹದಲ್ಲಿ, ಯಾರು ಬೇಕಾದರೂ ಓದುವಂತೆ. ಆಮೇಲೆ ಮೂರು ತಿಂಗಳಲ್ಲಿ ಶಿಫಾರಸು, ಇನ್ನು ಮೂರರಲ್ಲಿ ಸಚಿವರ ತೀರ್ಮಾನ. ಮಾರ್ಗ ಬದಲಿಸಿ ಎನ್ನುವವರಿಗೆ ‘ಯಾಕೆ ಆಗದು’ ಎಂಬ ಲಿಖಿತ ಉತ್ತರವಾದರೂ ಸಿಗುತ್ತದೆ.

‘ಅನುಭವದಲ್ಲಿರುವವರು’ ಎಂಬುದು ನಮ್ಮ ಕರಾವಳಿಗೆ ಬಹಳ ಮುಖ್ಯ. ವರ್ಗ ಜಾಗಕ್ಕೆ (ಸ್ವಂತ ಪಟ್ಟಾ ಜಾಗಕ್ಕೆ) ತಾಗಿದ, ಸೊಪ್ಪು ಸೌದೆಗೆಂದು ಬಿಟ್ಟ ಕುಮ್ಕಿ ಜಾಗದಲ್ಲಿ ಅವನ್ನು ತರುತ್ತಾ ತೋಟವನ್ನೇ ಎಬ್ಬಿಸಿದವರು ಎಷ್ಟೋ ಮಂದಿ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಅದು ಸರ್ಕಾರಿ ಜಾಗ. ಟವರ್ ಬುಡದ ಜಾಗಕ್ಕೆ ಮೌಲ್ಯದ 200%, ಕಾರಿಡಾರಿಗೆ 30% ಎಂಬ ಕೇಂದ್ರದ 2024ರ ಮಾರ್ಗಸೂಚಿಯನ್ನು ತೋರಿಸಿ ಪರಿಹಾರ ಕೇಳಲು ಹೊರಟರೆ, ಮೊದಲ ಮೆಟ್ಟಿಲಲ್ಲೇ ‘ಜಾಗ ನಿಮ್ಮದೇ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಹಾಗಂತ ಇಂಗ್ಲೆಂಡಿನದನ್ನೆಲ್ಲ ಇಲ್ಲಿಗೆ ತರಬೇಕಿಲ್ಲ. ಅಲ್ಲಿನ 2025ರ ಪ್ಲಾನಿಂಗ್ ಮತ್ತು ಇನ್‌ಫ್ರಾಸ್ಟ್ರಕ್ಚರ್ ಕಾಯ್ದೆ ಅರ್ಜಿಗೆ ಮೊದಲಿನ ಕಡ್ಡಾಯ ಸಮಾಲೋಚನೆಯನ್ನೇ ತೆಗೆದುಹಾಕಿತು. ವಿಳಂಬ ತಪ್ಪಿಸಲು ಎನ್ನುತ್ತಾರೆ. ನಕ್ಷೆ ಇನ್ನೂ ಪೆನ್ಸಿಲಿನಲ್ಲಿರುವಾಗ ಆಡುವ ಮಾತಿಗೇ ಹೆಚ್ಚು ಬೆಲೆ, ಅದನ್ನು ಬಿಟ್ಟದ್ದು ತಪ್ಪೆಂದೇ ನನ್ನ ಅನಿಸಿಕೆ. ನಮ್ಮಲ್ಲಿ ಸರ್ವೆ ನಂಬರ್‌ವಾರು ಮಾರ್ಗವನ್ನೂ ಅನುಭವದಾರರ ಪಟ್ಟಿಯನ್ನೂ 164ರ ಅಧಿಕಾರ ಕೊಡುವ ಮೊದಲೇ ಪಂಚಾಯತ್‌ನಲ್ಲಿ ಹಚ್ಚಿ, ಆಕ್ಷೇಪಕ್ಕೆ ಲಿಖಿತ ಉತ್ತರ ಕಡ್ಡಾಯ ಮಾಡಬೇಕು.

ಅಲ್ಲಿಯವರೆಗೆ ಕೃಷಿಕರು ಒಂದೂ ಮರ ಬೀಳುವ ಮೊದಲೇ ಗ್ರಾಮ ಆಡಳಿತಾಧಿಕಾರಿಯ ಎದುರು ಮಹಜರು ಮಾಡಿಸಿಕೊಳ್ಳಲಿ. ಮರದ ಸಂಖ್ಯೆ ಮಾತ್ರವಲ್ಲ, ಪ್ರಾಯ ಮತ್ತು ಫಸಲೂ ಅದರಲ್ಲಿ ಬರಲಿ. ಕಡಿದ ಮೇಲೆ ಸಸಿ ಯಾವುದು, ಫಲ ಬಿಡುತ್ತಿದ್ದ ಮರ ಯಾವುದು ಎಂದು ನ್ಯಾಯಾಲಯದಲ್ಲಿ ತೋರಿಸಲು ಬೇರೆ ದಾಖಲೆ ಸಿಗುವುದು ಕಷ್ಟ.