ಮಿನುಗು ಒಳಗೆ, ಬಾಟಲಿ ಹೊರಗೆ

ದೊಡ್ಡ ಕಾನ್ಸರ್ಟ್ ಮುಗಿದ ಮರುದಿನ ಬೆಳಗ್ಗೆ ಆ ಫೋಟೋ ಸರಮಾಲೆ ಬಂದೇ ಬರುತ್ತದೆ. ನೀವೂ ನೋಡಿರುತ್ತೀರಿ. ಗೇಟಿನ ಮುಂದೆ ಹುಡುಗಿಯರ ಗುಂಪು. ಮೈತುಂಬಾ ಚಮಕಿ, ಕೆನ್ನೆಗೆ ಹರಳು, ತಲೆಗೆ ಗುಲಾಬಿ ಬಣ್ಣದ ಕೌಬಾಯ್ ಟೋಪಿ. ಪಕ್ಕದಲ್ಲಿ ಮಗಳ ಬಲವಂತಕ್ಕೆ ಅದೇ ಟೋಪಿ ಹಾಕಿಕೊಂಡು, ಯಾವ ಕಡೆ ನೋಡಬೇಕೋ ತಿಳಿಯದೆ ನಿಂತ ಒಬ್ಬ ಅಪ್ಪ. ಕೆಳಗೊಂದು ಸಾಲು: ಸಂಗೀತ ಎಲ್ಲರನ್ನೂ ಬೆಸೆಯುತ್ತದೆ.

ಹಾಡು ಹೇಗಿತ್ತು? ಬರೆದಿಲ್ಲ. ಹಿಂದಿನ ಸಾಲಿನವರಿಗೆ ಕೇಳಿಸಿತಾ? ಬರೆದಿಲ್ಲ. ಅಷ್ಟು ಜನಕ್ಕೆ ಶೌಚಾಲಯ ಎಷ್ಟಿತ್ತು? ಛೇ ಛೇ, ಬೆಸುಗೆಯ ವಿಷಯ ಮಾತಾಡುವಾಗ ಅದೆಲ್ಲ ಯಾಕೆ?

ಆ ಬಟ್ಟೆಗಳ ಮೇಲೆ ನನಗೆ ಯಾವ ತಕರಾರೂ ಇಲ್ಲ. ಇಡೀ ಕಾರ್ಯಕ್ರಮದಲ್ಲಿ ಸರಿಯಾಗಿ ತಯಾರಿ ಮಾಡಿಕೊಂಡು ಬಂದವರು ಅಂದರೆ ಅವರೇ. ರಾತ್ರಿ ಕೂತು ಚಮಕಿ ಅಂಟಿಸಿದ್ದಾರೆ, ಮಣಿ ಪೋಣಿಸಿದ್ದಾರೆ, ಗೋಂದು ಒಣಗಲಿ ಅಂತ ಫ್ಯಾನ್ ಕೆಳಗೆ ಹರಡಿದ್ದಾರೆ. ಆಯೋಜಕರು ಇದರ ಕಾಲು ಭಾಗ ಮುತುವರ್ಜಿ ವಹಿಸಿದ್ದರೂ ಈ ಅಂಕಣಕ್ಕೆ ಬೇರೆ ವಿಷಯ ಹುಡುಕಬೇಕಾಗಿತ್ತು.

ಆದರೆ ಈ ಉತ್ಸಾಹ ಯಾರಿಗೆ ಲಾಭ ಅಂತ ಸ್ವಲ್ಪ ನೋಡಿ. 2023ರ ಆಗಸ್ಟ್‌ನಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ ಒಂದು ಕೋರಿಕೆ ಇಟ್ಟರು. ನನ್ನ ಹುಟ್ಟುಹಬ್ಬದ ತಿಂಗಳು ಬಂತು, ಆಗಸ್ಟ್ 23ರಿಂದ ಸೆಪ್ಟೆಂಬರ್ 22ರ ತನಕ ಎಲ್ಲರೂ ಬೆಳ್ಳಿ ಬಣ್ಣದ ಬಟ್ಟೆಯಲ್ಲಿ ಬನ್ನಿ, ಮಿರಮಿರ ಮಿಂಚುವ ಡಿಸ್ಕೊ ಬಾಲ್ ಆಗಿ ನನ್ನನ್ನು ಸುತ್ತುವರಿಯಿರಿ ಅಂತ. ಬಂದರು. ಹುಟ್ಟುಹಬ್ಬ ಅವರದು, ಬಟ್ಟೆ ಖರ್ಚು ಇವರದು, ಟಿಕೆಟ್ ಖರ್ಚೂ ಇವರದೇ. ಊಟ ಹಾಕದೆ ಇಷ್ಟು ಜನರನ್ನು ಕರೆಸಿಕೊಂಡ ಹುಟ್ಟುಹಬ್ಬ ಇನ್ನೊಂದಿಲ್ಲ. ಇಂಗ್ಲೆಂಡಿನ ಗಾಯಕ ಹ್ಯಾರಿ ಸ್ಟೈಲ್ಸ್ 2021ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಕತ್ತಿಗೊಂದು ಹಸಿರು ಗರಿಮಾಲೆ ಹಾಕಿಕೊಂಡು ಬಂದರು. ಆಮೇಲೆ ಅವರ ಕಾರ್ಯಕ್ರಮ ನಡೆದ ಕಡೆಯೆಲ್ಲ ನೆಲದ ತುಂಬಾ ಬಣ್ಣದ ಗರಿ. ಗುಡಿಸಿದವರ ಫೋಟೋ ಮಾತ್ರ ಯಾವ ಸರಮಾಲೆಯಲ್ಲೂ ಬಂದಿಲ್ಲ.

ಬ್ರಿಟನ್ನಿನ ಬ್ಯಾಂಡ್ ಕೋಲ್ಡ್‌ಪ್ಲೇದು ಇನ್ನೊಂದು ಹೆಜ್ಜೆ ಮುಂದೆ. ಅಲ್ಲಿ ಅಲಂಕಾರವನ್ನು ಅವರೇ ಕೈಗೆ ಕಟ್ಟುತ್ತಾರೆ, ದೀಪದ ಪಟ್ಟಿ. ಅದು ಯಾವಾಗ ಕೆಂಪಾಗಬೇಕು, ಯಾವಾಗ ಹಳದಿಯಾಗಬೇಕು ಅನ್ನೋದು ನಿಮ್ಮ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲೇ ಇದ್ದರೂ. ಹೋಗುವಾಗ ವಾಪಸ್ ಕೊಡಬೇಕು. ಬೇರೆ ಊರಿನವರು ಶೇಕಡಾ ಎಷ್ಟು ಪಟ್ಟಿ ವಾಪಸ್ ಕೊಟ್ಟರು ಅಂತ ಪರದೆ ಮೇಲೆ ಹಾಕಿ ಮಾನ ಬೇರೆ ಹರಾಜು ಹಾಕುತ್ತಾರೆ. ಟಿಕೆಟ್ ದುಡ್ಡು ಎಷ್ಟು ವಾಪಸ್ ಬಂತು ಅಂತ ಅಂಥದ್ದೇ ಒಂದು ಪಟ್ಟಿ ಹಾಕಬಹುದಲ್ವಾ?

ಕೈಗೆ ಕಟ್ಟುವ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅಭಿಮಾನಿಗಳು ಅಕ್ಷರದ ಮಣಿ ಪೋಣಿಸಿ, ಗುರುತಿಲ್ಲದವರ ಜೊತೆ ಕೈಬಳೆ ಬದಲಾಯಿಸಿಕೊಂಡದ್ದನ್ನು ಜಗತ್ತಿನ ಪತ್ರಿಕೆಗಳೆಲ್ಲ ಕಂಡರಿಯದ ಸಂಸ್ಕೃತಿ ಅಂತ ಬರೆದವು. ಅವರ ಹಾಡೊಂದರ ಒಂದೇ ಸಾಲಿನಿಂದ ಹುಟ್ಟಿದ ಪದ್ಧತಿ ಅದು. 2023ರ ಮಾರ್ಚ್‌ನಿಂದ 2024ರ ಡಿಸೆಂಬರ್ ತನಕ 149 ಕಾರ್ಯಕ್ರಮಗಳಲ್ಲಿ ನಡೆಯಿತು. ಸಂತೋಷ. ಆದರೆ ಸ್ವಾಮಿ, ನಮ್ಮಲ್ಲಿ ವಿಷ್ಣುವರ್ಧನ್ ಕಡಗ ಹಾಕಿಕೊಂಡು ಓಡಾಡಿದ ಗಂಡಸರು ಎಷ್ಟು ದಶಕದಿಂದ ಇದ್ದಾರೆ? ಗ್ಯಾರೇಜಿನವನು, ಕಂಡಕ್ಟರ್, ಕಟಿಂಗ್ ಶಾಪಿನವನು. ಮಾತು ಸ್ವಲ್ಪ ಜೋರಾದರೆ ಕಡಗವನ್ನು ಮೊಣಕೈ ಕಡೆ ತಳ್ಳೋದು, ಜೋರು ಇಳಿದರೆ ಕಡಗವೂ ಇಳಿಯೋದು. ಅವರನ್ನು ಸಾಲಾಗಿ ನಿಲ್ಲಿಸಿ ಯಾರಾದರೂ ಫೋಟೋ ತೆಗೆದರಾ? ಇಬ್ಬರು ಕಡಗದವರು ಬಸ್ಸಿನಲ್ಲಿ ಎದುರಾದರೆ ಆಗುವ ಬೆಸುಗೆ ಯಾವ ಕಾನ್ಸರ್ಟಿಗೂ ಕಮ್ಮಿ ಇಲ್ಲ. ಕಡಗ ಮಾತ್ರ ಬಿಚ್ಚಿ ಕೊಡಲ್ಲ. ಅಷ್ಟು ಸ್ನೇಹ ನಮಗೆ ಆಗಿಬರಲ್ಲ.

ಇನ್ನು ಆಟೋದವರು. 1990ರಲ್ಲಿ ತೀರಿಕೊಂಡ ಶಂಕರ್‌ನಾಗ್ ಇವತ್ತಿಗೂ ಆಟೋಗಳ ಬೆನ್ನ ಮೇಲೆ ನಗುತ್ತಿದ್ದಾರೆ. ಚಾಲಕನ ಮೈಮೇಲೆ ಬರೀ ಖಾಕಿ, ಅಲಂಕಾರವೆಲ್ಲ ಗಾಡಿಗೆ. ಅಭಿಮಾನಿಯ ಉಡುಪಿಗೆ ಮೂರು ಗಾಲಿ ಇರೋದು ಜಗತ್ತಿನಲ್ಲಿ ಇನ್ನೆಲ್ಲಿದೆ, ತೋರಿಸಿ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಅಲ್ಲಿ ತುಂಬಿದ್ದು ಬರೀ ಕಪ್ಪು ಟೀ ಶರ್ಟ್. ಮಾರ್ಚ್ ಬಿಸಿಲಿಗೆ ಕಪ್ಪು! ಆ ಹುಡುಗರಿಗೆ ಈಗ ನಲವತ್ತು ದಾಟಿದೆ. ಟೀ ಶರ್ಟ್ ಬೀರುವಿನಲ್ಲಿ ಭದ್ರವಾಗಿದೆ, ಹೊಟ್ಟೆ ಅದರಿಂದ ಹೊರಗಿದೆ.

ಬೆಸುಗೆಗೆ ವಾಪಸ್ ಬರೋಣ. ಕಾನ್ಸರ್ಟಿನಲ್ಲಿ ಜನ ಹೇಗೆ ಹತ್ತಿರವಾಗುತ್ತಾರೆ? ಹಾಡಿನಿಂದ ಅಂತ ನೀವು ಅಂದುಕೊಂಡಿದ್ದರೆ ನೀವಿನ್ನೂ ಹೋಗಿಲ್ಲ. ಕ್ಯೂನಿಂದ. 2024ರ ಸೆಪ್ಟೆಂಬರ್‌ನಲ್ಲಿ ಮುಂಬೈ ಕೋಲ್ಡ್‌ಪ್ಲೇ ಟಿಕೆಟ್‌ಗೆ ಒಂದು ಕೋಟಿಗೂ ಜಾಸ್ತಿ ಜನ ಆನ್‌ಲೈನ್ ಕ್ಯೂನಲ್ಲಿ ನಿಂತರು. 2,500ರಿಂದ 35,000 ರೂಪಾಯಿಯ ಟಿಕೆಟ್ ಕ್ಷಣದಲ್ಲಿ ಮಾಯವಾಗಿ, ಇನ್ನೊಂದು ಕಡೆ ಲಕ್ಷದ ಲೆಕ್ಕದಲ್ಲಿ ಪ್ರತ್ಯಕ್ಷವಾಯಿತು. ನೆಂಟರ ಗುಂಪಿನಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರೂ 'ನಿಂಗೆ ಸಿಕ್ತಾ?' ಅಂತ ಕೇಳಿಕೊಂಡರು. ಇಷ್ಟು ಜನರನ್ನು ಒಂದೇ ದುಃಖದಲ್ಲಿ ಒಂದುಗೂಡಿಸುವುದು ಹಾಡಿಗೆ ಸಾಧ್ಯವಾ?

ಆಮೇಲೆ ಪ್ರಯಾಣ. ಬೆಂಗಳೂರಿನ ದೊಡ್ಡ ಕಾನ್ಸರ್ಟು ಈಗ ತುಮಕೂರು ರಸ್ತೆಯ ಮಾದಾವರದ ಕಡೆ. ಪುಣ್ಯಕ್ಕೆ 2024ರ ನವೆಂಬರ್‌ನಿಂದ ಮೆಟ್ರೊ ಅಲ್ಲಿಗೂ ಹೋಗುತ್ತದೆ. ಮಾರ್ಕೆಟ್‌ನಲ್ಲಿ ಹತ್ತಿದ ಹೂವಿನ ಬುಟ್ಟಿಯ ಅಜ್ಜಿ, ಎದುರಿಗೆ ತಲೆಯಿಂದ ಕಾಲಿನ ತನಕ ಬೆಳ್ಳಿಯಾಗಿ ಕೂತ ಹುಡುಗಿ.

'ಯಾವ ನಾಟಕ ಮಗಾ?'

'ನಾಟಕ ಅಲ್ಲಜ್ಜಿ, ಕಾನ್ಸರ್ಟು.'

'ಎಷ್ಟೊತ್ತಿಗೆ ಮುಗೀತದೆ? ವಾಪಸ್ ಬರಕ್ಕೆ ಗಾಡಿ ಐತಾ? ಊಟಕ್ಕೇನು?'

ಮೂರೇ ಪ್ರಶ್ನೆ. ಫೋಟೋ ಹಾಕಿದ ಯಾವ ವರದಿಗಾರರೂ ಕೇಳದ ಮೂರು ಪ್ರಶ್ನೆ.

ನಮ್ಮ ಪ್ರಧಾನಿಯವರು 2025ರ ಜನವರಿ 28ರಂದು ಭುವನೇಶ್ವರದಲ್ಲಿ ಕೋಲ್ಡ್‌ಪ್ಲೇ ಹೆಸರೆತ್ತಿ, ದೇಶದಲ್ಲಿ ಕಾನ್ಸರ್ಟ್ ಆರ್ಥಿಕತೆಗೆ ಎಷ್ಟು ಅವಕಾಶ ಇದೆ ನೋಡಿ ಎಂದರು. ಎರಡು ವಾರ ತುಂಬಿರಲಿಲ್ಲ. ಫೆಬ್ರುವರಿ 9ರಂದು ಚರ್ಚ್ ಸ್ಟ್ರೀಟ್ ಫುಟ್‌ಪಾತಿನಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಗಿಟಾರ್ ಹಿಡಿದು ನಿಂತರು. ಪುಕ್ಕಟೆ. ಟಿಕೆಟ್ ಇಲ್ಲ, ಗರಿ ಇಲ್ಲ, ಚಮಕಿ ಇಲ್ಲ. ಪೊಲೀಸಪ್ಪ ಬಂದು ಮೈಕಿನ ವೈರ್ ಕಿತ್ತರು. ಅನುಮತಿ ಇತ್ತು ಅಂತ ಇವರು, ಕೊಟ್ಟಿರಲಿಲ್ಲ ಅಂತ ಅವರು. ಆ ಇಡೀ ಪ್ರವಾಸದಲ್ಲಿ ಜಗತ್ತೇ ನೋಡಿದ ಉಡುಪು ಅಂದರೆ ಆ ಖಾಕಿ. ಕಲಾವಿದ ಮತ್ತು ನಗರದ ನಡುವೆ ಇದಕ್ಕಿಂತ ನೇರವಾದ ಸಂಪರ್ಕ ಇನ್ನೇನು ಬೇಕು?

ನಗುತ್ತಾ ಬರೆಯೋಣ ಅಂತಲೇ ಕೂತಿದ್ದು. ಆದರೆ ಇನ್ನೊಂದು ಫೋಟೋ ನೆನಪಾಗುತ್ತಿದೆ. 2024ರ ಡಿಸೆಂಬರ್, ಮುಂಬೈ, ಬ್ರಯಾನ್ ಆಡಮ್ಸ್ ಕಾರ್ಯಕ್ರಮ. ಮಧುಮೇಹ ಇರುವ ಒಬ್ಬರು ಒದ್ದೆಯಾದ ತಮ್ಮ ಪ್ಯಾಂಟಿನ ಫೋಟೋ ತಾವೇ ಹಾಕಿದರು. ಹತ್ತಿರ ಹತ್ತಿರ ಸಾವಿರ ಜನಕ್ಕೆ ಮೂರು ಶೌಚಾಲಯ ಇತ್ತು ಅಂತ ಬರೆದರು. ಆ ವರ್ಷದ ಅತ್ಯಂತ ಪ್ರಾಮಾಣಿಕ ಕಾನ್ಸರ್ಟ್ ಉಡುಪು ಅದು. ಬ್ರೆಜಿಲ್‌ನ ರಿಯೊದಲ್ಲಿ 2023ರ ನವೆಂಬರ್ 17ರಂದು, ಸೆಕೆ ಮೈಗೆ 59 ಡಿಗ್ರಿಯಷ್ಟು ತಟ್ಟುತ್ತಿದ್ದ ವಾರದಲ್ಲಿ, ಟೇಲರ್ ಸ್ವಿಫ್ಟ್ ಕಾರ್ಯಕ್ರಮಕ್ಕೆ ಬಂದ 23 ವರ್ಷದ ಹುಡುಗಿಯೊಬ್ಬಳು ಸತ್ತಳು. ಹೊರಗಿನಿಂದ ನೀರು ತರುವ ಹಾಗಿರಲಿಲ್ಲ. ಬಾಟಲಿ ಬಿಡಿ ಅಂತ ಸರ್ಕಾರ ಆದೇಶ ಮಾಡಿದ್ದು ಅವಳು ಸತ್ತ ಮೇಲೆ. ನಮ್ಮಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕೆಂಪು ಜೆರ್ಸಿ ಹಾಕಿ ಬಂದ ಜನರಲ್ಲಿ 11 ಮಂದಿ ಮನೆಗೆ ಹೋಗಲಿಲ್ಲ. ಒಳಗೆ ಸಂಭ್ರಮ ನಡೆದೇ ಇತ್ತು. ಹೊರಗೆ ರಾಶಿ ಬಿದ್ದ ಚಪ್ಪಲಿಗಳ ಫೋಟೋ ಬಂತು, ನೋಡಿದೆವು, ಮುಂದಕ್ಕೆ ಹೋದೆವು.

ಇದಕ್ಕೆ ವ್ಯಂಗ್ಯ ಬೇಕಿಲ್ಲ. ಗೇಟು, ನೀರು, ಶೌಚಾಲಯ, ಹೊರಗೆ ಹೋಗುವ ದಾರಿ. ಟಿಕೆಟ್ ಮಾರುವ ಮುಂಚೆ ಎಣಿಸಬಹುದಾದ ವಸ್ತುಗಳು ಇವು. ಎಣಿಸಲ್ಲ. ದುಡ್ಡು ಎಣಿಸುತ್ತಾರೆ. ಫೋಟೋ ಕಾರ್ನರ್‌ಗೆ ಹೂವಿನ ಗೋಡೆ ಕಟ್ಟುತ್ತಾರೆ, ಅದರ ಹಿಂದೆ ತುರ್ತು ದಾರಿ ಇತ್ತಾ ಅಂತ ಯಾರೂ ನೋಡಲ್ಲ. ಸಾಕಾಗಿದೆ ಕಣ್ರೀ.

ನಿಜವಾದ ಬೆಸುಗೆ ಎಲ್ಲಾಯಿತು ಗೊತ್ತಾ? ವಿಯೆನ್ನಾದಲ್ಲಿ, 2024ರ ಆಗಸ್ಟ್‌ನಲ್ಲಿ. ಉಗ್ರರ ಸಂಚು ಪತ್ತೆಯಾಗಿ ಟೇಲರ್ ಸ್ವಿಫ್ಟ್‌ರ ಮೂರೂ ಕಾರ್ಯಕ್ರಮ ರದ್ದು. ದೂರದ ಊರುಗಳಿಂದ ಚಮಕಿ ಹೊತ್ತು ಬಂದಿದ್ದ ಅಭಿಮಾನಿಗಳು ಕಾರ್ನೇಲಿಯುಸ್‌ಗಾಸೆ ಅನ್ನುವ ಬೀದಿಯಲ್ಲಿ ಸೇರಿದರು. ಬೀದಿಯ ಹೆಸರು ಸ್ವಿಫ್ಟ್‌ರ ಹಾಡೊಂದರಲ್ಲಿ ಬರುವ ಬೀದಿಯ ಹೆಸರಿಗೆ ಹತ್ತಿರ, ಅಷ್ಟೇ ಕಾರಣ. ಮರಕ್ಕೆ ಬಳೆ ಕಟ್ಟಿದರು, ಒಬ್ಬರಿಗೊಬ್ಬರು ಕೊಟ್ಟುಕೊಂಡರು, ಬಾಯಿಬಿಟ್ಟು ಹಾಡಿದರು. ವೇದಿಕೆ ಇಲ್ಲ, ಗಾಯಕಿ ಇಲ್ಲ, ವಿಐಪಿ ಸಾಲು ಇಲ್ಲ.

ಈಗ ನನ್ನ ಭಯ ಒಂದೇ. ನಮ್ಮ ಆಯೋಜಕರು ಇದನ್ನು ಓದಬಾರದು. ಓದಿದರೆ ಮುಂದಿನ ಸೀಸನ್‌ಗೆ ಜಾಹೀರಾತು ಗ್ಯಾರಂಟಿ: 'ರದ್ದಾದ ಕಾನ್ಸರ್ಟಿನ ಅನುಭವ. ಬೀದಿಯಲ್ಲಿ ನಿಲ್ಲುವ ಟಿಕೆಟ್ 4,999, ಮರದ ಹತ್ತಿರ ನಿಲ್ಲುವ ಟಿಕೆಟ್ 14,999, ಜಿಎಸ್‌ಟಿ ಬೇರೆ. ಕಾರಣಾಂತರದಿಂದ ಕಾರ್ಯಕ್ರಮ ನಡೆದುಬಿಟ್ಟರೆ ಹಣ ವಾಪಸ್. ಕನ್ವೀನಿಯನ್ಸ್ ಫೀ ಮಾತ್ರ ಕೊಡಲ್ಲ.'