ಎಂಟು ಎಂಟು ಬಂದರೆ

ನನ್ನ ಷಡ್ಡಕನಿಗೆ ಕ್ಯಾಲಿಫೋರ್ನಿಯಾದಲ್ಲಿ ಮನೆಯಿದೆ, ಲಾಸ್ ವೇಗಸ್ಸಿನ ದಾರಿ ಬಾಯಿಪಾಠ, ಬಾಯಿಗೆ ಮಾತ್ರ ಬೀಗವಿಲ್ಲ. ಬ್ಲ್ಯಾಕ್‌ಜಾಕ್ ಅಂದರೆ ಎಲೆಗಳ ಮೊತ್ತ ಇಪ್ಪತ್ತೊಂದು ದಾಟದೆ ಡೀಲರನ್ನು ಮೀರಿಸುವ ಇಸ್ಪೀಟಾಟ; ರಾಜ, ರಾಣಿಗೆ ಹತ್ತು, ಎಕ್ಕಕ್ಕೆ ಒಂದೋ ಹನ್ನೊಂದೋ. ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ನನಗೆ ಎರಡು ಎಂಟು ಬಿದ್ದದ್ದೇ ತಡ, ಬೆನ್ನ ಹಿಂದೆ ಶುರುವಾಯಿತು: "ಒಡೀರಿ ಭಾವ, ಒಡೀರಿ! ಎಂಟು ಬಂದ್ರೆ ಯೋಚನೇನೇ ಮಾಡಬಾರ್ದು." ಒಡೆಯುವುದೆಂದರೆ ಜೋಡಿಯನ್ನು ಎರಡು ಬೇರೆ ಕೈ ಮಾಡಿ, ಎರಡನೆಯದಕ್ಕೂ ಅಷ್ಟೇ ದುಡ್ಡು ಕಟ್ಟುವುದು. ಡೀಲರಮ್ಮನ ಮುಂದೆ ರಾಜ ಕೂತಿದ್ದಾನೆ. ನಾನಿನ್ನೂ ನನ್ನ ಎಲೆಗಳನ್ನೇ ಸರಿಯಾಗಿ ನೋಡಿಲ್ಲ. ದುಡ್ಡು ನನ್ನದು, ಅವಸರ ಅವನದು.

ಅವನು ಹೇಳಿದ್ದು ಸರಿ ಅನ್ನುವುದು ಇನ್ನೂ ಉರಿಸುವ ಸಂಗತಿ. ಹದಿನಾರರಷ್ಟು ದರಿದ್ರ ಕೈ ಈ ಆಟದಲ್ಲಿ ಬೇರೆ ಇಲ್ಲ. ಆದರೆ ಒಡೆದರೆ ಏನಾಗುತ್ತದೆ ಅನ್ನುವುದನ್ನು ಈ ಉಪದೇಶಕರು ಬಾಯಿ ಬಿಡುವುದಿಲ್ಲ. ರಾಜನೆದುರು 100 ಡಾಲರ್ ಕಟ್ಟಿ ಎಂಟು ಒಡೆದರೆ ಸರಾಸರಿ 48 ಡಾಲರ್ ಕೈಬಿಡುತ್ತದೆ. ಒಡೆಯದೆ ಎಲೆ ಎಳೆದರೆ 54ರ ಹತ್ತಿರ. ಆ ಐದಾರು ಡಾಲರ್ ಉಳಿಸಲು ಇನ್ನೊಂದು ನೂರು ಹೊರತೆಗೆದು, ಎರಡು ಬೆರಳು ಅಗಲಿಸಿ ತೋರಿಸಿ, ಎರಡೆರಡು ಕಡೆ ಸೋಲಲು ಸಿದ್ಧನಾಗಬೇಕು. ಇದನ್ನು ಗೆಲ್ಲುವ ಗುಟ್ಟಿನ ಹಾಗೆ ಕಿವಿಯಲ್ಲಿ ಕೂಗುತ್ತಾರೆ.

ಈ ಲೆಕ್ಕ ಮಾಡಿದವರಾದರೂ ಯಾರು? ಅಮೆರಿಕದ ಸೈನ್ಯದಲ್ಲಿದ್ದ ನಾಲ್ಕು ಹುಡುಗರು: ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್. ಮೇರಿಲ್ಯಾಂಡಿನ ಅಬರ್ಡೀನ್‌ನಲ್ಲಿ, ಫಿರಂಗಿ ಬಂದೂಕು ಪರೀಕ್ಷಿಸುವ ಜಾಗದಲ್ಲಿ ಡ್ಯೂಟಿ. ಅಲ್ಲೇ ಇಸ್ಪೀಟಾಡುತ್ತ ಕೂತಾಗ, ಕ್ಯಾಸಿನೋದ ಡೀಲರ್ ಹದಿನಾರಾದರೆ ಎಲೆ ಎಳೆಯಲೇಬೇಕು, ಹದಿನೇಳಾದರೆ ನಿಲ್ಲಲೇಬೇಕು ಎಂಬ ಮಾತು ಬಾಲ್ಡ್‌ವಿನ್ ಕಿವಿಗೆ ಬಿತ್ತು. ಗಣಿತ ಓದಿದವನು, ಸುಮ್ಮನಿದ್ದಾನೆಯೇ? ಡೀಲರಿಗೆ ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲವಾದರೆ ಇದು ಲೆಕ್ಕಕ್ಕೆ ಸಿಕ್ಕ ಹಾಗೆಯೇ! ಮೇಜಿನ ಮೇಲಿಡುವ ಕ್ಯಾಲ್ಕುಲೇಟರುಗಳನ್ನು ತಿಂಗಳುಗಟ್ಟಲೆ ಕುಟ್ಟಿದರು. ತಮಾಷೆಯೆಂದರೆ ಕೋಣೆಯಷ್ಟು ದೊಡ್ಡ ಎನಿಯಾಕ್ ಕಂಪ್ಯೂಟರ್ ಆ ಕಾಲಕ್ಕೆ ಅದೇ ಅಬರ್ಡೀನ್‌ನಲ್ಲಿತ್ತು. ಇವರ ಪಾಲಿಗೆ ಕಟಕಟ ಗುಂಡಿಗಳೇ. 1956ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಲೇಖನವೂ ಬಂತು: ಎಕ್ಕ, ಎಂಟು ಬಂದರೆ ಒಡೆ, ಐದು, ಹತ್ತು ಬಂದರೆ ಮುಟ್ಟಬೇಡ. ಸರ್ಕಾರಿ ಯಂತ್ರ, ಇಸ್ಪೀಟಿನ ಲೆಕ್ಕ. ನಮ್ಮ ಕಚೇರಿಯಲ್ಲಿ ಇಂಥದ್ದು ನಡೆದಿದ್ದರೆ ಮೆಮೋ ಬರುತ್ತಿತ್ತು, ಕೀರ್ತಿಯಲ್ಲ.

ನನ್ನ ನಿಜವಾದ ತಕರಾರು ಎಕ್ಕದ ಮೇಲೆ. ಎರಡು ಎಕ್ಕ ಒಡೆದರೆ ಒಂದೊಂದಕ್ಕೆ ಒಂದೇ ಎಲೆ, ಆಮೇಲೆ ಕೈ ಕಟ್ಟಿ ಕೂರಬೇಕು. ಪಕ್ಕಕ್ಕೆ ರಾಣಿ ಬಂದರೂ ಅದು ಬ್ಲ್ಯಾಕ್‌ಜಾಕ್ ಅಲ್ಲವಂತೆ, ಬರೀ ಇಪ್ಪತ್ತೊಂದಂತೆ. ಒಡೆಯುವ ಮುಂಚೆ, ಮೊದಲೆರಡು ಎಲೆಯಾಗಿಯೇ ಅದೇ ಎಕ್ಕ, ಅದೇ ರಾಣಿ ಜೊತೆಯಾಗಿದ್ದರೆ ಬ್ಲ್ಯಾಕ್‌ಜಾಕ್ ಅನ್ನಿಸಿಕೊಂಡು ಕಟ್ಟಿದ್ದರ ಒಂದೂವರೆ ಪಟ್ಟು ಸಿಗುತ್ತಿತ್ತು. ಪಾಲು ತೆಗೆದುಕೊಂಡು ಬೇರೆ ಹೋದ ಮಗನನ್ನು ಹಬ್ಬದೂಟಕ್ಕೆ ಕರೆಯದ ಹಾಗೆ. ರಾಣಿಯಾದರೂ ಬಂದಳಲ್ಲ ಅನ್ನಿ. ಮೂರು ಬಂದರೆ ಹದಿನಾಲ್ಕನ್ನು ಮುಂದಿಟ್ಟುಕೊಂಡು, ಇನ್ನೊಂದು ಎಲೆ ಕೊಡಿ ಅಂತ ಕೇಳುವ ಹಕ್ಕೂ ಇಲ್ಲದೆ, ಡೀಲರಮ್ಮನ ಕೈಯನ್ನೇ ನೋಡುತ್ತ ಕೂರಬೇಕು.